ಆಟಿಸಂ ಮತ್ತು ಎಳೆಮಗುವಿನ ಚಲನೆ: ಮನೆಯವರು ಗಮನಿಸಬೇಕಾದುದು, ಮಾಡಬೇಕಾದುದು

ಆಟಿಸಂ (ಇತರರೊಡನೆ ಬೆರೆಯುವ, ಸಂವಹನ ಮಾಡುವ ಬಗೆ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಇರುವ ಮಗುವನ್ನು ಮೊದಲ ಬಾರಿಗೆ ವೈದ್ಯರ ಬಳಿ ಕರೆತರುವುದು ಸಾಮಾನ್ಯವಾಗಿ ‘ಎರಡು ವರ್ಷ ತುಂಬಿದರೂ ಮಾತು ಬಂದಿಲ್ಲ’ ಎಂಬ ಕಾರಣಕ್ಕೆ. ಅಷ್ಟು ಹೊತ್ತಿಗೆ ಮಗುವಿನ ಕತ್ತು, ಬೆನ್ನು ಮತ್ತು ಕೈಗಳು ಕೆಲವು ಸಂಗತಿಗಳನ್ನು ಬಹಳ ಹಿಂದಿನಿಂದಲೇ ತೋರಿಸುತ್ತ ಬಂದಿರುವುದುಂಟು. ಅವು ಯಾರ ಗಮನಕ್ಕೂ ಬಂದಿರುವುದಿಲ್ಲ, ಬಂದಿದ್ದರೂ ‘ಗಂಡು ಮಕ್ಕಳು ಎಲ್ಲದರಲ್ಲೂ ತಡ’ ಎಂಬ ಮಾತಿನಲ್ಲಿ ಮುಗಿದುಹೋಗಿರುತ್ತವೆ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇರುವ 11 ಮಕ್ಕಳ ಕುರಿತು ಬರೆದ ಮೊದಲ ಪ್ರಬಂಧದಲ್ಲಿಯೇ, ಎತ್ತಿಕೊಳ್ಳಲು ಹೋದಾಗ ಈ ಮಕ್ಕಳು ಮೈಯನ್ನು ಅದಕ್ಕೆ ಅಣಿಮಾಡಿಕೊಳ್ಳುತ್ತಿರಲಿಲ್ಲ ಎಂದೂ ಅವರಲ್ಲಿ ಹಲವರ ನಡಿಗೆ ಸ್ವಲ್ಪ ಒಡ್ಡೊಡ್ಡಾಗಿತ್ತು ಎಂದೂ ದಾಖಲಾಗಿದೆ. ಹಾಗಿದ್ದರೂ ಇಂದು ಬಳಕೆಯಲ್ಲಿರುವ, ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾಗಿ 2013ರಲ್ಲಿ ಬಂದ ಡಿಎಸ್‌ಎಂ-5ರ ಮಾನದಂಡಗಳಲ್ಲಿ ಪದೇ ಪದೇ ಮಾಡುವ ಒಂದೇ ಬಗೆಯ ಚಲನೆಗೆ ಜಾಗವಿದೆಯೇ ಹೊರತು ಚಲನೆಯ ವಿಳಂಬಕ್ಕೆ ಇಲ್ಲ. 2020ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ, ಆಟಿಸಂ ಇರುವ 10 ಮಕ್ಕಳಲ್ಲಿ 8ಕ್ಕೂ ಹೆಚ್ಚು ಮಕ್ಕಳಿಗೆ ಚಲನೆಯ ತೊಂದರೆ ಇರುವ ಸಂಭವ ಕಂಡುಬಂದಿತ್ತು. ಆದ್ದರಿಂದ ಮಾತಿಗಾಗಿ ಕಾಯದೆ ಮೈಯನ್ನೂ ನೋಡಬೇಕು, ಮತ್ತು ಮಗು ಒಂದು ಹಂತವನ್ನು ಯಾವ ತಿಂಗಳಲ್ಲಿ ತಲುಪಿತು ಎಂಬುದರ ಜೊತೆಗೆ ಅದನ್ನು ಹೇಗೆ ಮಾಡುತ್ತದೆ, ಯಾವುದಕ್ಕೆ ಬಳಸುತ್ತದೆ ಎಂಬುದನ್ನೂ ನೋಡಬೇಕು ಎಂಬುದೇ ಈ ಬರಹದ ಒಟ್ಟು ಸಲಹೆ.

ತಿಂಗಳ ಲೆಕ್ಕವನ್ನು ಓದುವ ಬಗೆ

ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅವಧಿಗಳು ಹೀಗಿವೆ: ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳು, ಅಂಬೆಗಾಲು 5.2ರಿಂದ 13.5 ತಿಂಗಳು, ಏನನ್ನೂ ಹಿಡಿಯದೆ ನಿಲ್ಲುವುದು 6.9ರಿಂದ 16.9 ತಿಂಗಳು, ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳು. ಅವಧಿಗಳು ಇಷ್ಟು ಅಗಲವಾಗಿರುವುದರಿಂದ, ಪಕ್ಕದ ಮನೆಯ ಮಗು ಹತ್ತು ತಿಂಗಳಿಗೆ ನಡೆಯಿತೆಂದು ಹನ್ನೆರಡು ತಿಂಗಳ ನಮ್ಮ ಮಗುವಿನ ಬಗ್ಗೆ ಕಳವಳಪಡಬೇಕಾಗಿಲ್ಲ. ಅದೇ ಅಧ್ಯಯನದಲ್ಲಿ ಶೇ. 4ರಷ್ಟು ಮಕ್ಕಳು ಅಂಬೆಗಾಲಿಡದೆಯೇ ಮುಂದಿನ ಹಂತಕ್ಕೆ ಹೋಗಿದ್ದರು. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಎರಡು ವರ್ಷದವರೆಗೆ ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಿದ್ದ ದಿನದಿಂದ ವಯಸ್ಸನ್ನು ಎಣಿಸಬೇಕು.

ಚಲನೆ ತಡವಾದ ಬಹುತೇಕ ಮಕ್ಕಳಿಗೆ ಆಟಿಸಂ ಇರುವುದಿಲ್ಲ. ಹಾಗೆಯೇ ಹನ್ನೊಂದನೇ ತಿಂಗಳಿಗೆ ನಡೆದ ಮಗುವಿಗೂ ಆಟಿಸಂ ಇರಬಹುದು. ಈ ಎರಡರಲ್ಲಿ ಒಂದನ್ನೇ ನೆನಪಿಟ್ಟುಕೊಂಡವರು ಅನಗತ್ಯವಾಗಿ ಹೆದರುತ್ತಾರೆ, ಇಲ್ಲವೇ ಅನಗತ್ಯವಾಗಿ ಕಾಯುತ್ತಾರೆ.

ಮೊದಲ ಆರು ತಿಂಗಳು: ಕತ್ತು, ಬೆನ್ನು, ಮೈಯ ಬಿಗಿ

ಐದನೇ ತಿಂಗಳು ದಾಟಿದ ಮಗುವಿನ ಕತ್ತನ್ನು ಗಮನಿಸಲು ಒಂದು ಸರಳ ವಿಧಾನವಿದೆ. ನೆಲದ ಮೇಲೆ ಚಾಪೆ ಹಾಸಿ, ಅದರ ಮೇಲೊಂದು ದಪ್ಪ ಹೊದಿಕೆ ಹಾಕಿ, ಹೊಟ್ಟೆ ತುಂಬಿ ಖುಷಿಯಾಗಿರುವ ಹೊತ್ತಿನಲ್ಲಿ ಮಗುವನ್ನು ಅಂಗಾತ ಮಲಗಿಸಿ. ಎಣ್ಣೆ ಹಚ್ಚಿದ ಮೈಯಲ್ಲಿ ಕೈ ಜಾರುವುದರಿಂದ ಸ್ನಾನದ ಮುಂಚಿನ ಸಮಯ ಇದಕ್ಕೆ ಹೊಂದುವುದಿಲ್ಲ. ನಿಮ್ಮ ಮುಖ ಮಗುವಿಗೆ ನೇರವಾಗಿ ಕಾಣುವಂತೆ ಬಾಗಿ, ಎರಡೂ ಮುಂಗೈಗಳನ್ನು ಮೆತ್ತಗೆ ಹಿಡಿದು, ಮಾತನಾಡಿಸುತ್ತ ನಿಧಾನವಾಗಿ ಕೂರುವ ಭಂಗಿಗೆ ಎತ್ತಿ. ಮೇಲೇಳುವಾಗ ತಲೆ ಬೆನ್ನಿನ ಸಾಲಿನಲ್ಲಿಯೇ ಬರುತ್ತದೆಯೇ, ಅಥವಾ ಮೈ ಮೇಲೆ ಬಂದರೂ ತಲೆ ಹಿಂದಕ್ಕೆ ಜೋಲುತ್ತದೆಯೇ ಎಂಬುದನ್ನು ನೋಡಬೇಕು. ಹೆಚ್ಚಿನ ಮಕ್ಕಳು ನಿಮ್ಮ ಕೈ ತಗುಲುತ್ತಲೇ ಗದ್ದವನ್ನು ಎದೆಯ ಕಡೆಗೆ ತಂದುಕೊಂಡು ತಾವೂ ಸ್ವಲ್ಪ ಎಳೆಯುತ್ತಾರೆ. ಆ ಸಿದ್ಧತೆ ಇದೆಯೇ ಎಂಬುದೂ ಅಷ್ಟೇ ಮುಖ್ಯ. ತಲೆ ಜೋಲುವುದು ಕಂಡರೆ ಅಲ್ಲಿಗೇ ನಿಲ್ಲಿಸಿ ಮಲಗಿಸಿಬಿಡಿ, ಖಾತ್ರಿಪಡಿಸಿಕೊಳ್ಳಲೆಂದು ಮತ್ತೆ ಮತ್ತೆ ಎಳೆಯಬೇಡಿ.

ಅಮೆರಿಕದ ಕೆನಡಿ ಕ್ರೀಗರ್ ಸಂಸ್ಥೆಯ ಸಂಶೋಧಕರು, ಅಣ್ಣ ಅಥವಾ ಅಕ್ಕನಿಗೆ ಆಟಿಸಂ ಇದ್ದ 40 ಶಿಶುಗಳಲ್ಲಿ ಈ ಪರೀಕ್ಷೆ ಮಾಡಿ 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮುಂದೆ ಆಟಿಸಂ ಎಂದು ಗುರುತಿಸಲಾದ ಮಕ್ಕಳಲ್ಲಿ ಶೇ. 90ರಷ್ಟು ಮಂದಿಗೆ ಶೈಶವದಲ್ಲಿ ತಲೆ ಹಿಂದೆ ಜೋಲಿತ್ತು. ಆದರೆ ಮುಂದೆ ಯಾವ ತೊಂದರೆಯೂ ಕಾಣಿಸದ ಮಕ್ಕಳಲ್ಲಿಯೂ ಶೇ. 35ರಷ್ಟು ಮಂದಿಗೆ ಅದೇ ಆಗಿತ್ತು. ಈ ಎರಡನೆಯ ಅಂಕಿಯನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹೇಳುವ ವಿಡಿಯೋಗಳು ಸಾಕಷ್ಟು ಹರಿದಾಡುತ್ತಿವೆ. ಇದು ಆಟಿಸಂ ಪತ್ತೆಹಚ್ಚುವ ಪರೀಕ್ಷೆಯಲ್ಲ. ಆರು ತಿಂಗಳಾದರೂ ತಲೆ ಜೋಲುತ್ತಿದ್ದರೆ ವೈದ್ಯರಿಗೆ ತೋರಿಸಬೇಕು ಎಂಬುದಷ್ಟೇ ಇದರ ಅರ್ಥ.

ಮೈಯ ಬಿಗಿಯನ್ನು ಅಳೆಯಲು ನಮ್ಮ ಬಚ್ಚಲುಮನೆಗಿಂತ ಒಳ್ಳೆಯ ಜಾಗವಿಲ್ಲ. ಅಜ್ಜಿಯೋ ಮೀಯಿಸಲು ಬರುವ ಹೆಂಗಸೋ ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ನೀರು ಹಾಕುವಾಗ, ಹತ್ತಾರು ಮಕ್ಕಳನ್ನು ಹಿಡಿದ ಆ ಕೈಗಳಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ. ‘ಈ ಮಗು ಕೈಯಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ’ ಎಂದೋ ‘ಕಾಲು ಬಿಡಿಸಲು ಬರುವುದಿಲ್ಲ’ ಎಂದೋ ಅವರು ಹೇಳಿದರೆ ಅದನ್ನು ಬರೆದಿಟ್ಟುಕೊಳ್ಳಿ. ಬೋರಲು ಮಲಗಿದಾಗ ಮಗು ತಲೆಯೆತ್ತುತ್ತದೆಯೇ, ಎರಡೂ ಕೈಗಳನ್ನು ಸಮನಾಗಿ ಆಡಿಸುತ್ತದೆಯೇ, ಎತ್ತಿಕೊಳ್ಳಲು ಬಾಗಿದಾಗ ಮೈಯನ್ನು ನಿಮ್ಮ ಕಡೆಗೆ ತರುತ್ತದೆಯೇ ಎಂದೂ ನೋಡಿ. ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುತ್ತ ಇನ್ನೊಂದನ್ನು ಮುಷ್ಟಿ ಹಿಡಿದು ಇಟ್ಟುಕೊಳ್ಳುವ ಮಗುವನ್ನು ‘ಎಡಚ’ ಎಂದು ಹೇಳಿ ಸುಮ್ಮನಾಗಬಾರದು. ಅದು ಮೆದುಳಿನ ಒಂದು ಬದಿಯ ತೊಂದರೆಯ ಸೂಚನೆಯಾಗಿರಬಹುದು, ಆಟಿಸಂಗಿಂತ ಬೇರೆಯದೇ ವಿಚಾರಣೆ ಅದಕ್ಕೆ ಬೇಕು.

ತಡಮಾಡಬಾರದ ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಮೂರರಿಂದ ಹನ್ನೆರಡು ತಿಂಗಳ ನಡುವಿನ ಮಗು, ಹೆಚ್ಚಾಗಿ ನಿದ್ದೆಯಿಂದ ಎದ್ದ ಕೂಡಲೇ, ತಲೆಯನ್ನು ಥಟ್ಟನೆ ಮುಂದಕ್ಕೆ ಬಾಗಿಸಿ ಕೈಗಳನ್ನು ಅಗಲಿಸುವುದು, ಕೆಲವು ಕ್ಷಣ ಬಿಟ್ಟು ಮತ್ತೆ ಹಾಗೆಯೇ ಮಾಡುವುದು, ಹೀಗೆ ಸಾಲಾಗಿ ನಡೆದರೆ ಅದು ಬೆಚ್ಚಿಬೀಳುವುದೂ ಅಲ್ಲ, ಹೊಟ್ಟೆನೋವೂ ಅಲ್ಲದಿರಬಹುದು. ಶೈಶವದ ಒಂದು ಬಗೆಯ ಅಪಸ್ಮಾರ ಹೀಗೆಯೇ ಕಾಣುತ್ತದೆ. ಫೋನಿನಲ್ಲಿ ಚಿತ್ರೀಕರಿಸಿಕೊಂಡು ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಬೇಕು. ಚಿಕಿತ್ಸೆ ತಡವಾದಷ್ಟೂ ಮಗುವಿನ ಬೆಳವಣಿಗೆಗೆ ಹಾನಿ ಹೆಚ್ಚು.

ಕೂರುವ ಮಗುವಿನ ಕೈಗಳು, ನಡೆಯುವ ಮಗುವಿನ ದಾರಿ

ಮಗು ತಾನಾಗಿ ಕೂರಲು ಕಲಿತಾಗ ಅದರ ಎರಡೂ ಕೈಗಳು ಬಿಡುವಾಗುತ್ತವೆ. ಕೈಗೆ ಸಿಕ್ಕ ಸೌಟನ್ನು ತಿರುವಿ ನೋಡುವುದು, ನೆಲಕ್ಕೆ ಕುಟ್ಟುವುದು, ಬಾಯಿಗೆ ಹಾಕುವುದು, ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುವುದು, ನಡುವೆ ತಲೆಯೆತ್ತಿ ಅಮ್ಮನನ್ನು ನೋಡುವುದು ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಮಗು ವಸ್ತುವನ್ನು ಹಿಡಿದಾಗ ಅದರ ಹೆಸರು ಮನೆಯವರ ಬಾಯಿಂದ ಬರುವುದರಿಂದ, ಮಾತಿನ ಕಲಿಕೆಯೂ ಈ ಕೈಗಳ ಜೊತೆಗೇ ಸಾಗುತ್ತದೆ. ಕೂರುವುದು ತಡವಾದರೆ ಇದೆಲ್ಲವೂ ಹಿಂದೆ ಬೀಳುತ್ತದೆ. ಆಟಿಸಂ ಸಾಧ್ಯತೆಯಿರುವ ಕೆಲವು ಮಕ್ಕಳು ಸಮಯಕ್ಕೆ ಸರಿಯಾಗಿ ಕೂತರೂ ಕೈಯ ಆಟ ಮಾತ್ರ ಬೇರೆ ರೀತಿ ಇರುತ್ತದೆ: ಒಂದೇ ತಟ್ಟೆಯನ್ನು ಬಹಳ ಹೊತ್ತು ಗಿರಗಿರ ತಿರುಗಿಸುವುದು, ವಸ್ತುವನ್ನು ಕಣ್ಣಿನ ಅಂಚಿಗೆ ತಂದು ಓರೆಯಾಗಿ ನೋಡುವುದು, ಆಟದ ನಡುವೆ ಯಾರ ಮುಖವನ್ನೂ ನೋಡದಿರುವುದು.

ನಡೆಯಲು ಕಲಿತ ಮಗುವಿನ ವಿಷಯದಲ್ಲಿಯೂ ಹೀಗೆಯೇ. ಅಂಗಳದಲ್ಲಿ ಬಿದ್ದ ಹಣ್ಣಡಿಕೆಯನ್ನು ಎತ್ತಿಕೊಂಡು ಜಗಲಿಯಲ್ಲಿ ಕೂತ ಅಜ್ಜನ ಕೈಗೆ ತಂದುಕೊಡುವ ಮಗು, ನಡಿಗೆಯನ್ನು ಜನರ ಬಳಿಗೆ ಹೋಗಲು ಬಳಸುತ್ತಿದೆ. ಅದೇ ವಯಸ್ಸಿನ ಇನ್ನೊಂದು ಮಗು ಅಷ್ಟೇ ಚೆನ್ನಾಗಿ ನಡೆದರೂ ಕಂಬದಿಂದ ಕಂಬಕ್ಕೆ ಓಡಾಡುತ್ತಲೇ ಇದ್ದು, ಏನನ್ನೂ ತೋರಿಸದೆ, ಬೆರಳು ಮಾಡದೆ, ಹೆಸರು ಕರೆದರೆ ತಿರುಗದೆ ಇರಬಹುದು. ಒಂದೂವರೆ ವರ್ಷಕ್ಕೆ ಬೆರಳು ಮಾಡಿ ತೋರಿಸುವುದು ಬರದಿದ್ದರೆ, ನಡಿಗೆ ಎಷ್ಟೇ ಚುರುಕಾಗಿದ್ದರೂ, ಆಟಿಸಂ ತಪಾಸಣೆ ಮಾಡಿಸಬೇಕು.

ತುದಿಗಾಲಿನ ನಡಿಗೆ ಎಲ್ಲರ ಕಣ್ಣಿಗೂ ಬೀಳುವುದರಿಂದ ಅದಕ್ಕೆ ಬೇಕಾದುದಕ್ಕಿಂತ ಹೆಚ್ಚು ಮಹತ್ವ ಸಿಗುತ್ತಿದೆ ಎಂಬುದು ನನ್ನ ಅಭಿಪ್ರಾಯ. ನಡೆಯಲು ಕಲಿಯುವ ಅನೇಕ ಮಕ್ಕಳು ಕೆಲಕಾಲ ಹಾಗೆ ನಡೆಯುತ್ತಾರೆ. ಮೂರು ವರ್ಷವಾದರೂ ಬಹುಪಾಲು ಹೊತ್ತು ತುದಿಗಾಲಿನಲ್ಲಿಯೇ ಇದ್ದರೆ, ಅಥವಾ ಮೊಣಕಾಲು ನೇರವಾಗಿದ್ದಾಗ ಪಾದವನ್ನು ಮೇಲಕ್ಕೆ ಮಡಿಸಲು ಬಾರದಿದ್ದರೆ ಫಿಸಿಯೋಥೆರಪಿಸ್ಟರಿಗೆ ತೋರಿಸಬೇಕು, ಏಕೆಂದರೆ ಹಿಮ್ಮಡಿಯ ಸ್ನಾಯುರಜ್ಜು ಗಿಡ್ಡವಾಗುತ್ತ ಹೋಗುತ್ತದೆ. ಸಂತೋಷವಾದಾಗಲೋ ಗಾಬರಿಯಾದಾಗಲೋ ಕೈ ಝಾಡಿಸುವುದನ್ನು ಗದರಿಸಿ ನಿಲ್ಲಿಸಬೇಕಾಗಿಲ್ಲ. ಅದರಿಂದ ಮಗುವಿಗೆ ಗಾಯವಾಗದಿದ್ದರೆ ಸಾಕು.

ದಾಖಲಿಸುವುದು, ತೋರಿಸುವುದು

ವೈದ್ಯರ ಕೊಠಡಿಯಲ್ಲಿ ಮಗು ಅಳುತ್ತದೆ, ಇಲ್ಲವೇ ತಾಯಿಯ ಸೆರಗು ಬಿಡುವುದಿಲ್ಲ. ಮನೆಯಲ್ಲಿ ಮಾಡಿದ ಎರಡು ಮೂರು ನಿಮಿಷದ ವಿಡಿಯೋ ಅಲ್ಲಿ ಹೆಚ್ಚು ನೆರವಿಗೆ ಬರುತ್ತದೆ. ಫೋನನ್ನು ಮಗುವಿನ ಎತ್ತರಕ್ಕೆ ಇಳಿಸಿ, ಮೈ ಪೂರ್ತಿ ಕಾಣುವಂತೆ ಪಕ್ಕದಿಂದ ಒಂದು, ಎದುರಿನಿಂದ ಒಂದು ಚಿತ್ರೀಕರಿಸಿ. ದಪ್ಪ ಸ್ವೆಟರ್, ಸಾಕ್ಸ್ ತೆಗೆದಿರಲಿ. ಮಲಗಿದಲ್ಲಿಂದ ಏಳುವುದು, ಕೂತು ಆಡುವುದು, ನಡೆಯುವುದು, ಊಟದ ವೇಳೆ ಕೈ ಬಳಸುವುದು, ಒಮ್ಮೆ ಹೆಸರು ಹಿಡಿದು ಕರೆದಾಗ ಏನು ಮಾಡುತ್ತದೆ ಎಂಬುದು, ಇಷ್ಟಿದ್ದರೆ ಸಾಕು. ಇಂತಹ ವಿಡಿಯೋಗಳನ್ನು ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಜೊತೆಗೆ ತಾಯಿ ಕಾರ್ಡನ್ನು ತೆಗೆದುಕೊಂಡು ಹೋಗಿ, ಯಾವ ಹಂತ ಎಂದು ಬಂತು ಎಂಬುದನ್ನು ಅದರಲ್ಲಿಯೇ ಗುರುತು ಮಾಡಿಕೊಂಡಿದ್ದರೆ ನೆನಪಿನಿಂದ ಹೇಳುವ ಕಷ್ಟವಿರುವುದಿಲ್ಲ. ಆಶಾ ಕಾರ್ಯಕರ್ತೆಯರು 3, 6, 9, 12 ಮತ್ತು 15ನೇ ತಿಂಗಳಲ್ಲಿ ಮನೆಗೆ ಬರುವ ವ್ಯವಸ್ಥೆಯಿದೆ. ಸಂದೇಹವನ್ನು ಅವರ ಬಳಿ ಹೇಳಿಕೊಳ್ಳಲು ಸಂಕೋಚ ಬೇಡ.

ನಾಲ್ಕು ತಿಂಗಳಿಗೂ ಕತ್ತು ನಿಲ್ಲದಿರುವುದು, ಒಂಬತ್ತು ತಿಂಗಳು ದಾಟಿದರೂ ಆಸರೆಯಿಲ್ಲದೆ ಕೂರದಿರುವುದು, ಹದಿನೆಂಟು ತಿಂಗಳಿಗೂ ನಡೆಯದಿರುವುದು, ಮತ್ತು ಯಾವುದೇ ವಯಸ್ಸಿನಲ್ಲಿ ಬಂದಿದ್ದ ಮಾತು, ನೋಟ, ಕೈಚಳಕ ಅಥವಾ ನಡಿಗೆ ಹೊರಟುಹೋಗುವುದು ಕಂಡರೆ ಕಾಯಬಾರದು. ಆಟಿಸಂ ಎಂದು ತೀರ್ಮಾನಿಸುವ ಮೊದಲು ವೈದ್ಯರು ಬೇರೆ ಕಾರಣಗಳನ್ನೂ ನೋಡುತ್ತಾರೆ, ನೋಡದಿದ್ದರೆ ನೀವೇ ವಿನಯದಿಂದ ಕೇಳಬಹುದು. ಶ್ರವಣ ಪರೀಕ್ಷೆ ಮತ್ತು ಥೈರಾಯ್ಡ್ ಪರೀಕ್ಷೆ ಅವುಗಳಲ್ಲಿ ಮೊದಲನೆಯವು. ಕಟ್ಟುನಿಟ್ಟಿನ ಸಸ್ಯಾಹಾರಿ ಮನೆಗಳಲ್ಲಿ, ಹಾಲು ಮೊಸರನ್ನೂ ಕಡಿಮೆ ಬಳಸುವ ತಾಯಿಯ ಎದೆಹಾಲನ್ನೇ ನೆಚ್ಚಿಕೊಂಡು, ಮೇಲುಣಿಸು ತಡವಾದ ಮಗುವಿಗೆ ಬಿ12 ಜೀವಸತ್ವದ ಕೊರತೆಯಾಗಬಹುದು. ಮಗು ಬಿಳಚಿಕೊಂಡು, ಬೆರಳಿನ ಗಂಟುಗಳು ಕಪ್ಪಾಗಿ, ನಗುವನ್ನೂ ಕಲಿತ ಹಂತಗಳನ್ನೂ ಕಳೆದುಕೊಳ್ಳುತ್ತ ಹೋಗುತ್ತದೆ. ಬೇಗ ಗುರುತಿಸಿದರೆ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವ ಸ್ಥಿತಿ ಇದು, ಆಟಿಸಂ ಎಂದು ತಪ್ಪು ತಿಳಿದು ಬಿಟ್ಟುಬಿಡುವಂಥದ್ದಲ್ಲ. ಕಾಲು ಡೊಂಕಾಗಿ ಮಣಿಕಟ್ಟು ದಪ್ಪವಾಗಿದ್ದರೆ ಡಿ ಜೀವಸತ್ವದ ಕೊರತೆಯನ್ನು ನೋಡಬೇಕು. ಮೀನಖಂಡ ಉಬ್ಬಿದ್ದು, ನೆಲದಿಂದ ಏಳಲು ತನ್ನ ತೊಡೆಯ ಮೇಲೆ ಕೈಯೂರಿ ಹತ್ತುವ ಗಂಡು ಮಗುವಿಗೆ ಸ್ನಾಯುರೋಗದ ಪರೀಕ್ಷೆಯೂ, ಕೈ ಬಳಸುವುದನ್ನೇ ಬಿಟ್ಟು ಸದಾ ಕೈ ಹೊಸೆಯುವ ಹೆಣ್ಣು ಮಗುವಿಗೆ ರೆಟ್ ಸಿಂಡ್ರೋಮ್ (ಕಲಿತದ್ದು ಕಳೆದುಹೋಗುವ, ವಂಶವಾಹಿಯ ಒಂದು ಕಾಯಿಲೆ) ಪರೀಕ್ಷೆಯೂ ಅಗತ್ಯ.

ಶಿವಮೊಗ್ಗ ಜಿಲ್ಲೆಯವರು ಮೊದಲು ಮೆಗ್ಗಾನ್ ಬೋಧನಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ ಬರುತ್ತದೆ; ಅವರ ಚೀಟಿಯಿದ್ದರೆ ಮುಂದಿನ ತಪಾಸಣೆ, ಚಿಕಿತ್ಸೆಗಳು ಉಚಿತವಾಗಿ ಸಿಗುತ್ತವೆ. ಶ್ರವಣ ಮತ್ತು ಮಾತಿನ ವಿಚಾರಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಹೆಚ್ಚಿನ ನಿರ್ಧಾರಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇವೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿರುವುದರಿಂದ, ರೋಗನಿರ್ಣಯವಾದ ಮೇಲೆ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ) ಅರ್ಜಿ ಹಾಕಬಹುದು.

ಮನೆಯಲ್ಲಿ ಮಾಡುವ ಕೆಲಸ

ರೋಗನಿರ್ಣಯಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಆದರೆ ಕತ್ತು ಬೆನ್ನುಗಳನ್ನು ಗಟ್ಟಿಮಾಡುವ ಆಟಗಳಿಗೆ ಅದಕ್ಕಾಗಿ ಕಾಯಬೇಕಾಗಿಲ್ಲ. ಇವು ಆಟಿಸಂ ಅನ್ನು ಗುಣಪಡಿಸುವುದಿಲ್ಲ. ಮಗು ತನ್ನ ಮೈಯನ್ನು ಬಳಸಿ ಹೆಚ್ಚು ಸಂಗತಿಗಳಲ್ಲಿ ಪಾಲ್ಗೊಳ್ಳಲು ನೆರವಾಗುತ್ತವೆ.

ಎಲ್ಲಕ್ಕಿಂತ ಮೊದಲು ಬೇಕಾದುದು ನೆಲ. ಮಳೆಗಾಲದ ಮೂರು ನಾಲ್ಕು ತಿಂಗಳು ನಮ್ಮ ಮಲೆನಾಡಿನ ಮನೆಗಳ ನೆಲ ತಣ್ಣಗೆ ಜಿನುಗುತ್ತಿರುತ್ತದೆ, ಶೀತವಾಗುತ್ತದೆಂದು ಮಗು ತೊಟ್ಟಿಲು, ಜೋಲಿ, ಮಡಿಲುಗಳಲ್ಲಿಯೇ ಕಳೆಯುತ್ತದೆ. ಚಾಪೆಯ ಮೇಲೆ ಕಂಬಳಿ, ಅದರ ಮೇಲೆ ಬಿಗಿಯಾಗಿ ಹಾಸಿದ ಹತ್ತಿ ಬಟ್ಟೆ ಇದ್ದರೆ ಆಷಾಢದಲ್ಲಿಯೂ ಮಗುವನ್ನು ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪ ಹೊತ್ತು ಬೋರಲು ಮಲಗಿಸಬಹುದು. ಮಗು ಎಚ್ಚರವಿರಬೇಕು, ಯಾರಾದರೂ ಪಕ್ಕದಲ್ಲಿರಬೇಕು. ನಿದ್ದೆಗೆ ಮಾತ್ರ ಅಂಗಾತವೇ ಸರಿ. ಅಳುವ ಮಗುವನ್ನು ನಿಮ್ಮ ಎದೆಯ ಮೇಲೆ ಬೋರಲು ಹಾಕಿಕೊಂಡು ಆರಂಭಿಸಿದರೆ, ತಲೆಯೆತ್ತಿದಾಗ ಎದುರಿಗೆ ನಿಮ್ಮ ಮುಖವೇ ಇರುತ್ತದೆ. ಚಕ್ರದ ವಾಕರ್ ಬೇಡ. ಅದು ನಡಿಗೆಯನ್ನು ಬೇಗ ತರುವುದಿಲ್ಲ, ಹೊಸ್ತಿಲು ಮೆಟ್ಟಿಲುಗಳಿರುವ ಮನೆಯಲ್ಲಿ ಅಪಾಯವನ್ನಷ್ಟೇ ತರುತ್ತದೆ. ಕೆನಡಾ ದೇಶ 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿದೆ. ನಿಂತು ತಳ್ಳುವ ಮರದ ಮೂರು ಚಕ್ರದ ಗಾಡಿ, ಯಾರಾದರೂ ಜೊತೆಗಿದ್ದರೆ, ಅಡ್ಡಿಯಿಲ್ಲ.

ಚೆನ್ನಾಗಿ ಕೂರಲು ಬರುವ, ಒಂದೂವರೆ ವರ್ಷ ದಾಟಿದ ಮಗುವಿಗೆ ಅಡಿಕೆ ಹಾಳೆಯ ಆಟಕ್ಕೆ ಸಮನಾದುದು ಪೇಟೆಯ ಆಟಿಕೆ ಅಂಗಡಿಯಲ್ಲಿ ಸಿಗುವುದಿಲ್ಲ. ಸೋಗೆಯ ಸಮೇತ ಹೊಸದಾಗಿ ಬಿದ್ದ, ಇನ್ನೂ ಮೆದುವಾಗಿರುವ ಅಗಲವಾದ ಹಾಳೆಯನ್ನು ಆರಿಸಿ, ಚೂಪಾದ ಅಂಚನ್ನು ಕತ್ತರಿಸಿ, ಒಳಗೆ ಇರುವೆ ಚೇಳುಗಳಿಲ್ಲವೆಂದು ನೋಡಿ. ಮಗುವನ್ನು ಕಾಲು ಮುಂದಕ್ಕೆ ಮಾಡಿ ಅದರಲ್ಲಿ ಕೂರಿಸಿ ಎರಡೂ ಅಂಚುಗಳನ್ನು ಹಿಡಿಯಲು ಕೊಡಿ. ಮೊದಮೊದಲು ಒಬ್ಬರು ಹಿಂದೆ ಬಾಗಿ ಅದರ ಸೊಂಟವನ್ನು ಹಿಡಿದಿರಲಿ. ಇನ್ನೊಬ್ಬರು ಸೋಗೆಯ ತುದಿ ಹಿಡಿದು ಅಂಗಳದಲ್ಲಿ ನಾಲ್ಕು ಹೆಜ್ಜೆಯಷ್ಟು ನಿಧಾನವಾಗಿ ಎಳೆದು ನಿಲ್ಲಲಿ. ಹೊರಟಾಗ ಮಗು ಹಿಂದಕ್ಕೆ ವಾಲುತ್ತದೆ, ನಿಂತಾಗ ಮುಂದಕ್ಕೆ ಬರುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ, ಪ್ರತಿ ಬಾರಿಯೂ ಹೊಟ್ಟೆ ಬೆನ್ನುಗಳ ಸ್ನಾಯುಗಳು ಅದನ್ನು ಮತ್ತೆ ನಡುವಿಗೆ ತರುತ್ತವೆ. ನಿಂತ ಮೇಲೆ ತಕ್ಷಣ ಎಳೆಯದೆ ಮಗುವಿನತ್ತ ತಿರುಗಿ ಕಾಯುವುದು ಈ ಆಟದ ಅತಿಮುಖ್ಯ ಭಾಗ. ‘ಇನ್ನೊಮ್ಮೆ’ ಎಂಬಂತೆ ಅದು ನೋಡಿದರೂ ಸರಿ, ಮೈ ಅಲುಗಿಸಿದರೂ ಸರಿ, ‘ಹೂಂ’ ಎಂದರೂ ಸರಿ, ಅದನ್ನೇ ಉತ್ತರವೆಂದು ತೆಗೆದುಕೊಂಡು ಮತ್ತೆ ಎಳೆಯಿರಿ. ಹಾಳೆಯ ಕರಕರ ಸದ್ದಿಗೆ ಹೆದರುವ ಮಗುವನ್ನು ಕೆಲವು ದಿನ ಎಳೆಯದೆ ಸುಮ್ಮನೆ ಅದರ ಮೇಲೆ ಕೂರಿಸಿ ಆಡಿಸಿದರಾಯಿತು.

ಬೆರಳುಗಳಿಗೆ ಮಂಡಕ್ಕಿ ಚೆನ್ನಾಗಿ ಹೊಂದುತ್ತದೆ. ವರ್ಷ ದಾಟಿದ ಮಗುವನ್ನು ನೇರವಾಗಿ ಕೂರಿಸಿ, ನಾಲ್ಕೈದು ಕಾಳನ್ನಷ್ಟೇ ತಟ್ಟೆಯಲ್ಲಿ ಹಾಕಿ, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹೆಕ್ಕುತ್ತದೆಯೇ, ಇಡೀ ಅಂಗೈಯಿಂದ ಗೋರುತ್ತದೆಯೇ ಎಂದು ನೋಡುತ್ತ ಪಕ್ಕದಲ್ಲಿಯೇ ಕುಳಿತಿರಿ. ಕಡಲೆಬೀಜ, ಹುಣಸೆಬೀಜ, ಅಡಿಕೆ ಚೂರುಗಳನ್ನು ಮಾತ್ರ ಈ ಆಟಕ್ಕೆ ತರಲೇಬಾರದು, ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತವೆ. ಅನುಕರಣೆ ಕಷ್ಟವಾಗಿರುವ ಮಗುವಿಗೆ ‘ನಾನು ಮಾಡಿದ ಹಾಗೆ ಮಾಡು’ ಎನ್ನುವುದಕ್ಕಿಂತ ಮೊದಲು ಅದು ಮಾಡಿದ್ದನ್ನು ನೀವು ಮಾಡಿ: ಅದು ತಟ್ಟೆ ಕುಟ್ಟಿದರೆ ನೀವೂ ಕುಟ್ಟಿ, ಅದು ನಿಲ್ಲಿಸಿದರೆ ನಿಲ್ಲಿಸಿ. ಮಗು ನಿಮ್ಮನ್ನು ಗಮನಿಸತೊಡಗಿದ ಮೇಲೆ ಚಪ್ಪಾಳೆ, ಟಾಟಾ, ದೇವರಿಗೆ ಕೈ ಮುಗಿಯುವುದು ಒಂದೊಂದಾಗಿ ಸೇರಲಿ. ಕೈ ಹಿಡಿದು ಮಾಡಿಸಬೇಕಾಗಿ ಬಂದರೆ ಅಂಗೈಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ ಹಿಡಿತವನ್ನು ಹಿಂದೆ ಸರಿಸುತ್ತ ಬನ್ನಿ.

ನಡೆಯುವ ಮಗುವಿಗೆ ಹೊಸ್ತಿಲು ದಾಟುವುದು, ಜಗಲಿಯ ಮೆಟ್ಟಿಲು ಹತ್ತುವುದು, ಬರಿಗಾಲಿನಲ್ಲಿ ತೋಟದ ತರಗೆಲೆಯ ಮೇಲೆ ಓಡಾಡುವುದು ಸಾಕಷ್ಟು ವ್ಯಾಯಾಮ. ಆದರೆ ಆಟಿಸಂ ಇರುವ ಅನೇಕ ಮಕ್ಕಳು ಹೇಳದೆ ಹೊರಟುಬಿಡುತ್ತಾರೆ, ಹಲವರಿಗೆ ನೀರಿನ ಸೆಳೆತ ಬಹಳ. ತೆರೆದ ಬಾವಿ, ಕೃಷಿಹೊಂಡ, ಕೆರೆ, ಹಳ್ಳದ ಸಂಕಗಳ ನಡುವೆ ಇರುವ ಮನೆಗಳು ಮಗು ನಡೆಯುವ ಮೊದಲೇ ಬಾವಿಗೆ ಕಟ್ಟೆ ಮತ್ತು ಜಾಲರಿ, ಅಂಗಳಕ್ಕೆ ಗೇಟು, ಬಾಗಿಲಿಗೆ ಮಗುವಿನ ಕೈಗೆ ಎಟುಕದ ಚಿಲಕ ಹಾಕಿಸಬೇಕು. ಯಾವ ಥೆರಪಿಗಿಂತಲೂ ಮೊದಲು ಆಗಬೇಕಾದ ಖರ್ಚು ಇದು.

ಖರ್ಚಿನ ವಿಷಯಕ್ಕೆ ಬಂದರೆ, ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಆಟಿಸಂಗೆ ಅದನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿಯೇ ಸ್ಪಷ್ಟಪಡಿಸಿದೆ. ಮಗು ಕಿರುಚುವಷ್ಟು ಒತ್ತಿ ತಿಕ್ಕುವುದರಿಂದಲೂ, ಬಲವಂತವಾಗಿ ಕೈಕಾಲು ಎಳೆಯುವುದರಿಂದಲೂ ಪ್ರಯೋಜನವಿಲ್ಲ.

ಹೊಸನಗರ, ತೀರ್ಥಹಳ್ಳಿಗಳ ಒಳಹಳ್ಳಿಯಿಂದ ವಾರವಾರವೂ ಶಿವಮೊಗ್ಗಕ್ಕೆ ಬರುವುದು ಮಳೆಗಾಲದಲ್ಲಂತೂ ಆಗದ ಮಾತು. ಹಾಗಾಗಿ ಥೆರಪಿಸ್ಟರನ್ನು ಕಂಡಾಗ ‘ಮುಂದಿನ ಭೇಟಿಯವರೆಗೆ ಮನೆಯಲ್ಲಿ ಮಾಡಲು ಎರಡೇ ಎರಡು ಸಂಗತಿ ಹೇಳಿ’ ಎಂದು ಕೇಳಿ, ಅವರು ತೋರಿಸಿದ್ದನ್ನು ಅಲ್ಲಿಯೇ ಅವರ ಎದುರು ನೀವು ಮಾಡಿ ತೋರಿಸಿ, ಕೈ ಎಲ್ಲಿ ಹಿಡಿಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ತಿದ್ದಿಸಿಕೊಳ್ಳಿ. ಮಗುವನ್ನು ಹಗಲು ನೋಡಿಕೊಳ್ಳುವವರು ಅಜ್ಜಿಯಾಗಿದ್ದರೆ ಅವರನ್ನೂ ಕರೆದುಕೊಂಡು ಹೋಗಬೇಕು. ಮೂರು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಕೋನದಿಂದ ಹೊಸ ವಿಡಿಯೋ ಮಾಡಿ ಹಳೆಯದರ ಪಕ್ಕದಲ್ಲಿಟ್ಟು ನೋಡಿ, ಬದಲಾವಣೆ ಕಾಣದಿದ್ದರೆ ಆ ಎರಡೂ ವಿಡಿಯೋಗಳನ್ನು ಮುಂದಿನ ಭೇಟಿಗೆ ಒಯ್ದು ಅಭ್ಯಾಸವನ್ನು ಬದಲಿಸಿಕೊಡಲು ಕೇಳಿ.